ಭೂತರಾಮನಹಟ್ಟಿಗೆ ಹೊರಡುವ ಮುನ್ನ

(ಸ್ಥಳ: ಖಾನಾಪುರ ತಾಲೂಕಿನ ಕಣಕುಂಬಿ. ಮಾತನಾಡುವವರು ಇಬ್ಬರು: ಬೆಳಗಾವಿಯ ಕಾಲೇಜೊಂದರಲ್ಲಿ ಬಹುಕಾಲ ಇತಿಹಾಸವನ್ನು ಬೋಧಿಸಿ, ನಿವೃತ್ತಿಯ ತರುವಾಯ ಊರಿಗೆ ಮರಳಿದ ಅಧ್ಯಾಪಕರು, ಖಾನಾಪುರದಲ್ಲಿ ಬಿ.ಎ. ಮುಗಿಸಿದ ಅದೇ ಊರಿನ ಯುವತಿ.)

ವಿದ್ಯಾರ್ಥಿನಿ: ಗುರುಗಳೇ, ಭೂಗೋಳದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂಬುದು ನಿಶ್ಚಯವಾಗಿದೆ, ಎಲ್ಲಿ ಎಂಬುದು ಮಾತ್ರ ಆಗಿಲ್ಲ. ಬೆಳಗಾವಿಯ ಬಳಿ ಭೂತರಾಮನಹಟ್ಟಿಯಲ್ಲಿಯೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿರುವಾಗ ಬೇರೆ ಯೋಚನೆ ಏತಕ್ಕೆ ಎಂದು ಅಪ್ಪ ಹೇಳುತ್ತಾರೆ. ಹೆಸರು ಬೇಕಾದರೆ ಧಾರವಾಡಕ್ಕೆ ಹೋಗು ಎಂದು ಗೋವೆಯಲ್ಲಿ ನೌಕರಿ ಮಾಡುವ ಮಾಮಾ ಹೇಳುತ್ತಾರೆ. ಅವರ ಮಗನಂತೂ ಇಂಗ್ಲೆಂಡಿನ ಯಾವುದೋ ಜಿಲ್ಲಾಪಟ್ಟಣದ ವಿಶ್ವವಿದ್ಯಾಲಯದ ಬಣ್ಣದ ಪುಸ್ತಿಕೆಯೊಂದನ್ನು ತಂದಿಟ್ಟು, ಅಲ್ಲಿ ಒಂದೇ ವರ್ಷದಲ್ಲಿ ಎಂ.ಎ. ಕೈಗೆ ಬರುತ್ತದೆ, ಉಳಿದುದನ್ನೆಲ್ಲ ಏಜಂಟರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದಾನೆ. ಈ ಮೂರರಲ್ಲಿ ದೊಡ್ಡದು ಯಾವುದು?

ಅಧ್ಯಾಪಕ: ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ, ತಂಗಿ, ಆದರೆ ಆ ಉತ್ತರದಿಂದ ನಿನಗಾಗುವ ಉಪಕಾರ ಅಲ್ಪ. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿ ಮರುವರ್ಷ ಧಾರವಾಡಕ್ಕೆ ಬಂದಿತು. ನಮ್ಮದೇ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಮರಳಿದ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಅದರ ಉಪಕುಲಪತಿಗಳಾಗಿದ್ದು, ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಅದಕ್ಕೊಂದು ಗಾಂಭೀರ್ಯವನ್ನು ತಂದುಕೊಟ್ಟರು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೋ, 1982ರಲ್ಲಿ ಅದೇ ಧಾರವಾಡದ ಒಂದು ಸ್ನಾತಕೋತ್ತರ ಕೇಂದ್ರವಾಗಿ ಬೆಳಗಾವಿಯಲ್ಲಿ ಹುಟ್ಟಿ, 2010ರಲ್ಲಿ ಸ್ವತಂತ್ರವಾದುದು. ವಯಸ್ಸಿನ ಲೆಕ್ಕದಲ್ಲಿ ನಿನ್ನ ಮಾಮಾನ ಮಾತು ಸರಿ. ಆದರೆ ನೀನು ಎರಡು ವರ್ಷ ಬಾಳಬೇಕಾದುದು ವಿಶ್ವವಿದ್ಯಾಲಯವೆಂಬ ಆ ಮಹತ್ತಾದ ಹೆಸರಿನೊಳಗಲ್ಲ. ನಾಲ್ಕಾರು ಕೋಣೆಗಳ ಒಂದು ವಿಭಾಗದಲ್ಲಿ, ಕೆಲವೇ ಮಂದಿ ಅಧ್ಯಾಪಕರ ಮುಂದೆ, ಕಪಾಟಿನಲ್ಲಿ ಇದ್ದಷ್ಟು ನಕಾಶೆಗಳ ಮತ್ತು ಪುಸ್ತಕಗಳ ನಡುವೆ.

ವಿದ್ಯಾರ್ಥಿನಿ: ನೌಕರಿ ಕೇಳಲು ಹೋದಾಗ ಅವರು ನೋಡುವುದು ಆ ಹೆಸರನ್ನೇ ಅಲ್ಲವೇ? ನಾಲ್ಕು ಕೋಣೆಗಳನ್ನು ಯಾರು ನೋಡುತ್ತಾರೆ?

ಅಧ್ಯಾಪಕ: ಖಾಸಗಿ ಕಂಪನಿಗಳು ಹೆಸರನ್ನು ನೋಡುತ್ತವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ನಿನ್ನ ಮನಸ್ಸಿನಲ್ಲಿರುವುದು ಅಧ್ಯಾಪಕ ವೃತ್ತಿಯಾದರೆ, ಸ್ನಾತಕೋತ್ತರ ಪದವಿಯ ಮೇಲೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯನ್ನು ದಾಟಬೇಕು. ಆ ಪ್ರಶ್ನೆಪತ್ರಿಕೆ ಧಾರವಾಡದವಳಿಗೂ ಭೂತರಾಮನಹಟ್ಟಿಯವಳಿಗೂ ಒಂದೇ. ಅದನ್ನು ದಾಟಿಸುವುದು ನೀನು ಹೆಸರನ್ನು ನೋಡಿ ಆರಿಸಿಕೊಂಡ ಊರೋ, ಅಥವಾ ನಿನ್ನ ಉತ್ತರವನ್ನು ಓದಿ ತಿದ್ದುವಷ್ಟು ವ್ಯವಧಾನವುಳ್ಳ ಒಬ್ಬ ಅಧ್ಯಾಪಕನೋ ಎಂಬುದನ್ನು ವಿಚಾರಿಸು. ನಮ್ಮ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆಗಳು ವರ್ಷಾನುಗಟ್ಟಲೆ ಖಾಲಿಯಾಗಿ ಉಳಿದು, ಪಾಠದ ಭಾರವೆಲ್ಲ ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಿರುವುದು ಗುಟ್ಟಿನ ಸಂಗತಿಯೇನೂ ಅಲ್ಲ. ಅತಿಥಿ ಉಪನ್ಯಾಸಕರಲ್ಲಿ ಉತ್ತಮ ಬೋಧಕರಿಲ್ಲವೆಂದು ನಾನು ಹೇಳುತ್ತಿಲ್ಲ. ಎಷ್ಟೋ ವಿಭಾಗಗಳು ಅವರಿಂದಲೇ ಉಸಿರಾಡುತ್ತಿವೆ. ಆದರೆ ಬರುವ ವರ್ಷ ಅವರು ಅಲ್ಲಿಯೇ ಇರುವರೆಂಬ ಭರವಸೆ ಅವರಿಗೇ ಇರುವುದಿಲ್ಲ. ಆದುದರಿಂದ ಅರ್ಜಿ ತುಂಬುವ ಮೊದಲು ವಿಭಾಗಕ್ಕೆ ಹೋಗಿ, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಯಾರು ಯಾವ ವಿಷಯದಲ್ಲಿ ಕೆಲಸ ಮಾಡಿದ್ದಾರೆ, ಎರಡನೆಯ ವರ್ಷದಲ್ಲಿ ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಕೇಳು. ಹೀಗೆ ಕೇಳುವುದು ಉದ್ಧಟತನವೆಂದು ನಮ್ಮ ಮಕ್ಕಳು ಭಾವಿಸಿಬಿಟ್ಟಿದ್ದಾರೆ.

ವಿದ್ಯಾರ್ಥಿನಿ: ನನ್ನ ತಮ್ಮನೂ ಈ ಸಲ ಪಿ.ಯು.ಸಿ. ಮುಗಿಸಿದ್ದಾನೆ. ಅವನಿಗೂ ಇದೇ ಮಾತೇ?

ಅಧ್ಯಾಪಕ: ಅವನ ಸಂಗತಿ ಬೇರೆ; ಅವನಿಗೆ ವಿಶ್ವವಿದ್ಯಾಲಯವೆಂಬುದು ಬಹುಪಾಲು ಕಣ್ಣಿಗೇ ಬೀಳುವುದಿಲ್ಲ. 1857ರಲ್ಲಿ ಕಲಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ಸರಕಾರವು ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಿದಾಗ, ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳ ಗುರುಕುಲದಂತಹ ಕ್ರಮವನ್ನು ಬಿಟ್ಟು, ಅಂದಿನ ಲಂಡನ್ ವಿಶ್ವವಿದ್ಯಾಲಯದ ಕ್ರಮವನ್ನು ಮಾದರಿಯಾಗಿ ತೆಗೆದುಕೊಂಡಿತು. ತಾನು ಪಾಠ ಹೇಳದೆ, ಕಾಲೇಜುಗಳು ಹೇಳಿದ ಪಾಠವನ್ನು ಪರೀಕ್ಷಿಸಿ ಪದವಿಯನ್ನು ದಯಪಾಲಿಸುವುದು ಆ ಕ್ರಮ. ಬೆಳಗಾವಿಯಲ್ಲಿ 1933ರಲ್ಲಿ ಲಿಂಗರಾಜ ಕಾಲೇಜು ತೆರೆದಾಗ ಅಲ್ಲಿಯ ಹುಡುಗರು ಬರೆದುದು ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯನ್ನು. 1950ರ ತರುವಾಯ ಧಾರವಾಡದ್ದನ್ನು. 2010ರ ತರುವಾಯ ಆ ಕಾಲೇಜು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದಿತು. ಕಾಲೇಜು ಅಲ್ಲಿಯೇ ಇತ್ತು, ಅಂಕಪಟ್ಟಿಯ ಮೇಲಿನ ಮುದ್ರೆ ಮಾತ್ರ ಬದಲಾಯಿತು. ಪದವಿ ತರಗತಿಗೆ ಸೇರುವವನು ವಿಶ್ವವಿದ್ಯಾಲಯವನ್ನು ಕಾಣುವುದು ಪರೀಕ್ಷೆಯ ವೇಳಾಪತ್ರಿಕೆಯಲ್ಲಿ, ಫಲಿತಾಂಶ ತಡವಾದಾಗ, ಮರುಮೌಲ್ಯಮಾಪನಕ್ಕೆ ಹಣ ಕಟ್ಟುವಾಗ, ಇಷ್ಟರಲ್ಲಿಯೇ. ಉಳಿದ ಮೂರು ವರ್ಷ ಅವನನ್ನು ಮಾಡುವುದೂ ಕೆಡಿಸುವುದೂ ಆ ಕಾಲೇಜು. ವಿಶ್ವವಿದ್ಯಾಲಯವು ಸ್ವತಃ ನಡೆಸುವ ಪದವಿ ಕಾಲೇಜು, ಅಂದರೆ ಘಟಕ ಕಾಲೇಜು, ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರಿನದು; ಉಳಿದವುಗಳಲ್ಲಿ ಬಹುತೇಕ ಸಂಯೋಜಿತ ಕಾಲೇಜುಗಳು.

ವಿದ್ಯಾರ್ಥಿನಿ: ಅವನಿಗೆ ಎಂಜಿನಿಯರಿಂಗ್ ಆಸೆ.

ಅಧ್ಯಾಪಕ: ಹಾಗಾದರೆ ಅವನು ರಾಣಿ ಚನ್ನಮ್ಮನ ಕಕ್ಷೆಯಲ್ಲಿಯೇ ಇಲ್ಲ. ಬೆಳಗಾವಿಯೆಂಬುದು ಒಂದೇ ಊರು. ಅಲ್ಲಿ ಓದಿದವರ ಪದವಿಪತ್ರಗಳು ಮಾತ್ರ ಹಲವು ಊರುಗಳವು. ಎಂಜಿನಿಯರಿಂಗ್ ಕಾಲೇಜುಗಳು ಬಹುತೇಕ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿ.ಟಿ.ಯು.ಗೆ, ಸೇರಿದವು. ಅದರ ಕೇಂದ್ರ ಸ್ಥಾನ ನಮ್ಮ ಮಚ್ಛೆಯಲ್ಲಿ. 1939ರಲ್ಲಿ ಕರ್ನಾಟಕ ಲಾ ಸೊಸಾಯಿಟಿಯವರು ತೆರೆದ ರಾಜಾ ಲಖಮಗೌಡ ಲಾ ಕಾಲೇಜಿನಂತಹ ಕಾನೂನು ಕಾಲೇಜುಗಳು ಇಂದು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ವೈದ್ಯಕೀಯದಲ್ಲಿ ಸರಕಾರಿ ಕಾಲೇಜು ಬೆಂಗಳೂರಿನ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ, ಕೆ.ಎಲ್.ಇ.ಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿಗೆ ಅದರದೇ ಡೀಮ್ಡ್ ವಿಶ್ವವಿದ್ಯಾಲಯ. ಉದ್ಯಮಬಾಗದ ಎಂಜಿನಿಯರಿಂಗ್ ಕಾಲೇಜೊಂದು ಈಚೆಗೆ ವಿ.ಟಿ.ಯು.ವನ್ನು ಬಿಟ್ಟು ಹುಬ್ಬಳ್ಳಿಯ ಖಾಸಗಿ ವಿಶ್ವವಿದ್ಯಾಲಯದೊಳಗೆ ಸೇರಿಕೊಂಡಿತು. ಗೇಟು ಅದೇ, ಕಟ್ಟಡ ಅದೇ. ಶುಲ್ಕದ ನಿಯಮವೂ ಸೀಟು ಹಂಚಿಕೆಯ ನಿಯಮವೂ ಬೇರೆ. ಇದನ್ನರಿಯದೆ, ಅಣ್ಣ ಅಲ್ಲಿ ಓದಿದ್ದ ಎಂಬ ಒಂದೇ ಕಾರಣಕ್ಕೆ ತಮ್ಮನನ್ನು ಸೇರಿಸಲು ಹೋಗಿ, ಹಣದ ಅಂಕಿಯನ್ನು ಕೇಳಿ ಬೆಚ್ಚಿದ ಪಾಲಕರನ್ನು ನಾನು ಬಲ್ಲೆ.

ಇನ್ನೊಂದು ಮಾತು. ವಿ.ಟಿ.ಯು. ತನ್ನ ಆವರಣವನ್ನು ಜ್ಞಾನ ಸಂಗಮವೆಂದು ಕರೆದರೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ತನ್ನದನ್ನು ವಿದ್ಯಾಸಂಗಮವೆಂದು ಕರೆದಿದೆ. ಒಂದು ಖಾನಾಪುರ ರಸ್ತೆಯ ಮೇಲೆ, ಇನ್ನೊಂದು ಕೊಲ್ಹಾಪುರದ ದಿಕ್ಕಿಗೆ ಹೋಗುವ ಹೆದ್ದಾರಿಯ ಮೇಲೆ. ಆಟೋದವನಿಗೆ ಬರಿದೆ ಸಂಗಮವೆಂದು ಹೇಳಿದರೆ ನಿನ್ನ ಒಂದು ಹೊತ್ತು ಹಾಳಾದೀತು.

ವಿದ್ಯಾರ್ಥಿನಿ: (ನಕ್ಕು) ಸಂಗಮವೆಂದರೆ ನಮಗೆ ಕೂಡಲಸಂಗಮವೇ ಗೊತ್ತು. ನಮ್ಮ ಹಿತ್ತಿಲಲ್ಲಿ ಹುಟ್ಟಿದ ಮಲಪ್ರಭೆ ಸುಮಾರು ಮುನ್ನೂರು ಕಿಲೋಮೀಟರು ಹರಿದು ಅಲ್ಲಿಗೆ ಹೋಗುತ್ತಾಳೆ. ನಾವು ಬೆಳಗಾವಿಯ ಆ ತುದಿಗೆ ಹೋಗುವುದೇ ಅದಕ್ಕಿಂತ ಪ್ರಯಾಸ. ಗುರುಗಳೇ, ಹೆಸರು, ಮುದ್ರೆ ಇವೆಲ್ಲ ಇರಲಿ. ನನ್ನ ಅವ್ವ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಇಲ್ಲಿಂದ ಹೋಗಿ ಬರುವುದು ಸಾಧ್ಯವೇ?

ಅಧ್ಯಾಪಕ: ನಿನ್ನ ಅವ್ವ ಕೇಳಿದುದೇ ಮೊದಲನೆಯ ಪ್ರಶ್ನೆಯಾಗಬೇಕಿತ್ತು. ಕಣಕುಂಬಿಯಿಂದ ಜಾಂಬೋಟಿ, ಪಿರನವಾಡಿಗಳ ಮೇಲೆ ಬೆಳಗಾವಿಯ ಮಧ್ಯವರ್ತಿ ಬಸ್ ನಿಲ್ದಾಣಕ್ಕೆ ನಲವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಅಲ್ಲಿಂದ ಕಾಕತಿ, ಹೊನಗಾ ದಾಟಿ ಭೂತರಾಮನಹಟ್ಟಿಗೆ ಇನ್ನೊಂದು ಹದಿನೆಂಟು ಇಪ್ಪತ್ತು ಕಿಲೋಮೀಟರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಆದುದರಿಂದ ಖರ್ಚು ನಿನಗೆ ಅಡ್ಡಿಯಾಗದು. ಅಡ್ಡಿಯಾಗುವುದು ಹೊತ್ತು. ಬೇಸಿಗೆಯಲ್ಲಿ ಹೇಗೋ ಸಾಗೀತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಈ ಊರಿನಿಂದ, ಆಷಾಢ ಶ್ರಾವಣಗಳಲ್ಲಿ, ಚೋರ್ಲಾ ಘಾಟಿನ ಮಂಜು ಇಳಿದ ಮೇಲೆ, ಎರಡು ಬಸ್ಸು ಬದಲಿಸಿ ಬೆಳಗಿನ ಮೊದಲ ತಾಸಿಗೆ ತರಗತಿಯಲ್ಲಿ ಕೂಡುವುದು ಯಾವ ಉತ್ಸಾಹಿಗೂ ಆಗದ ಮಾತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಕುಸಮಳಿಯ ಸೇತುವೆಯ ಬಳಿ ಬಸ್ಸು ನಿಂತಿತ್ತೆಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ನೀನು ಅಲ್ಲಿಯೇ ಇರಬೇಕು.

ಇದರ ಮೇಲೆ ಇನ್ನೂ ಒಂದು ಸಂಗತಿ ವಿಚಾರಿಸತಕ್ಕದ್ದು. ಹಿರೇಬಾಗೇವಾಡಿಯ ಬಳಿ ವಿಶ್ವವಿದ್ಯಾಲಯಕ್ಕೆ ಹೊಸ ಆವರಣವೊಂದನ್ನು ಗೊತ್ತುಮಾಡಿದ್ದಾರೆ. ಅದು ಅದೇ ಹೆದ್ದಾರಿಯ ಮೇಲಿದ್ದರೂ ಊರಿನ ಆಚೆಯ ದಿಕ್ಕಿಗೆ, ಧಾರವಾಡದ ಮಗ್ಗುಲಿಗೆ. ನಿನ್ನ ವಿಭಾಗದ ತರಗತಿಗಳು ಈ ವರ್ಷ ಎಲ್ಲಿ ನಡೆಯುತ್ತವೆ, ಬರುವ ವರ್ಷ ಎಲ್ಲಿ, ಗ್ರಂಥಾಲಯ ಎಲ್ಲಿ, ಹೆಣ್ಣುಮಕ್ಕಳ ವಸತಿ ನಿಲಯ ಎಲ್ಲಿ ಎಂದು ಕೇಳಿ ತಿಳಿದುಕೊಳ್ಳದೆ ಬಾಡಿಗೆಗೆ ಕೋಣೆ ಹಿಡಿಯಬೇಡ.

ವಿದ್ಯಾರ್ಥಿನಿ: ಇಷ್ಟೆಲ್ಲ ತೊಡಕಿನ ನಡುವೆ ನೀವು ಇಂಗ್ಲೆಂಡನ್ನು ಮರೆತೇಬಿಟ್ಟಿರಿ. ಅಲ್ಲಿ ಎಲ್ಲವೂ ಒಂದೇ ಆವರಣದಲ್ಲಿದೆಯಂತೆ. ಗ್ರಂಥಾಲಯ ಮಧ್ಯರಾತ್ರಿಯವರೆಗೂ ತೆರೆದಿರುತ್ತದಂತೆ.

ಅಧ್ಯಾಪಕ: ಮರೆತಿಲ್ಲ. ಗ್ರಂಥಾಲಯದ ಮಾತು ನಿಜ, ನನಗೆ ಅದರ ಮೇಲೆ ಅಸೂಯೆಯೂ ಇದೆ. ಆದರೆ ಆ ಪುಸ್ತಿಕೆ ಹೇಳದೆ ಬಿಟ್ಟ ಇತಿಹಾಸವನ್ನು ಸ್ವಲ್ಪ ಕೇಳು. ಇಂಗ್ಲೆಂಡಿನ ಜಿಲ್ಲಾಪಟ್ಟಣಗಳ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ನಮ್ಮ ಭೂತರಾಮನಹಟ್ಟಿಯ ದಾರಿಯಲ್ಲಿಯೇ ನಡೆದು ಬಂದವು. ನಾಟಿಂಗ್‌ಹ್ಯಾಮಿನಲ್ಲಿ 1881ರಲ್ಲಿ ತೆರೆದ ಕಾಲೇಜಿಗೆ 1948ರವರೆಗೆ ತನ್ನದೇ ಪದವಿ ಕೊಡುವ ಅಧಿಕಾರವಿರಲಿಲ್ಲ. ಅಲ್ಲಿಯ ವಿದ್ಯಾರ್ಥಿಗಳು ಲಂಡನ್ನಿನ ಪರೀಕ್ಷೆಗೆ ಕೂಡುತ್ತಿದ್ದರು. ಸೌತಾಂಪ್ಟನ್ 1952ರಲ್ಲಿ, ಹಲ್ 1954ರಲ್ಲಿ, ಎಕ್ಸಿಟರ್ 1955ರಲ್ಲಿ, ಲೆಸ್ಟರ್ 1957ರಲ್ಲಿ ಆ ಪರಾಧೀನತೆಯಿಂದ ಬಿಡುಗಡೆ ಹೊಂದಿದವು. 1992ರಲ್ಲಿ ಅಲ್ಲಿಯ ಪಾಲಿಟೆಕ್ನಿಕ್‌ಗಳೂ ವಿಶ್ವವಿದ್ಯಾಲಯಗಳಾದವು. ಹಲ್ ಎಂಬ ಆ ಬಂದರು ಪಟ್ಟಣದ ವಿಶ್ವವಿದ್ಯಾಲಯದಲ್ಲಿ 1955ರಿಂದ ಮೂವತ್ತು ವರ್ಷ ಗ್ರಂಥಪಾಲನಾಗಿದ್ದವನು ಕವಿ ಫಿಲಿಪ್ ಲಾರ್ಕಿನ್. ದೊಡ್ಡ ಊರಿನ ಹಂಗು ತೊರೆದೂ ದೊಡ್ಡ ಕೆಲಸ ಮಾಡಬಹುದೆಂಬುದಕ್ಕೆ ಅಂಥವರು ಅಲ್ಲಿ ಹಲವರು ಸಿಗುತ್ತಾರೆ.

ಈಗ ಲೆಸ್ಟರಿನ ಮಾತು. ಆ ಊರಿನ ವಿಶ್ವವಿದ್ಯಾಲಯದ ಪ್ರಾಕ್ತನಶಾಸ್ತ್ರಜ್ಞರು 2012ರಲ್ಲಿ, ತಮ್ಮದೇ ಊರಿನ ನಡುವಿನ ವಾಹನ ನಿಲ್ದಾಣವೊಂದರ ನೆಲವನ್ನು ಅಗೆದು, 1485ರ ಯುದ್ಧದಲ್ಲಿ ಮಡಿದ ಮೂರನೆಯ ರಿಚರ್ಡ್ ದೊರೆಯ ಅಸ್ಥಿಗಳನ್ನು ಹೊರತೆಗೆದರು. ಅದೇ ವಿಶ್ವವಿದ್ಯಾಲಯದವರು ವಂಶವಾಹಿಯ ಪರೀಕ್ಷೆಯಿಂದ ಅದು ಅವನೇ ಎಂದು ನಿಶ್ಚಯಿಸಿದರು. ಆ ವಿದ್ಯೆಗೆ ಅಲ್ಲಿ ಹಿಂದಿನಿಂದಲೂ ನೆಲೆಯಿತ್ತು. ವಂಶವಾಹಿಯಿಂದ ವ್ಯಕ್ತಿಯನ್ನು ಗುರುತಿಸುವ ಕ್ರಮವನ್ನು ಅಲೆಕ್ ಜೆಫ್ರಿಸ್ ಕಂಡುಹಿಡಿದುದು 1984ರಲ್ಲಿ ಅದೇ ಲೆಸ್ಟರಿನಲ್ಲಿ. ಜಗತ್ತೆಲ್ಲ ಆ ಊರಿನ ಹೆಸರನ್ನು ಎತ್ತಿತು. ಅವರು ರಾಜಧಾನಿಯನ್ನು ಅನುಕರಿಸಲು ಹೋಗಲಿಲ್ಲ, ತಮ್ಮ ಕಾಲ ಕೆಳಗಿನ ನೆಲವನ್ನೇ ನೋಡಿದರು.

ವಿದ್ಯಾರ್ಥಿನಿ: ಅಂದರೆ ನಾನು ಲೆಸ್ಟರಿಗೇ ಹೋಗಬೇಕೆಂದಾಯಿತಲ್ಲ!

ಅಧ್ಯಾಪಕ: ಹೋಗುವ ಸಾಮರ್ಥ್ಯವಿದ್ದರೆ ಹೋಗು, ತಡೆಯುವವನು ನಾನಲ್ಲ. ಆದರೆ ಲೆಕ್ಕ ಮಾಡಿ ಹೋಗು. ಅಲ್ಲಿಯ ಸ್ನಾತಕೋತ್ತರ ಪದವಿ ಒಂದೇ ವರ್ಷದ್ದೆಂಬುದು ನಿಜ. ಹೊರದೇಶದ ವಿದ್ಯಾರ್ಥಿಯಿಂದ ತೆಗೆದುಕೊಳ್ಳುವ ಶುಲ್ಕವು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಸಾವಿರ ಪೌಂಡುಗಳ ಸುತ್ತಮುತ್ತ ಇರುವುದೆಂಬುದೂ, ಮನೆಬಾಡಿಗೆ ಊಟಗಳ ಖರ್ಚು ಅದರ ಹೊರಗೆಂಬುದೂ ಅಷ್ಟೇ ನಿಜ. ನಿನ್ನ ಅಪ್ಪ ಗೇರುತೋಟವನ್ನು ಒತ್ತೆಯಿಟ್ಟು ಸಾಲ ತೆಗೆದರೆ, ಆ ಸಾಲವನ್ನು ನೀನು ಅಲ್ಲಿಯೇ ನಿಂತು ದುಡಿದು ತೀರಿಸಬೇಕಾದೀತು. ಓದಿನ ತರುವಾಯ ಅಲ್ಲಿ ಉಳಿದು ದುಡಿಯಲು ಕೊಡುವ ವೀಸಾದ ನಿಯಮಗಳೋ ಸರಕಾರದಿಂದ ಸರಕಾರಕ್ಕೆ ಬದಲಾಗುತ್ತ ನಡೆದಿವೆ. ನಿನ್ನ ಮಾಮಾನ ಮಗ ಹೊಗಳುವ ಏಜಂಟರ ಸೇವೆ ಧರ್ಮಾರ್ಥವೇನೂ ಅಲ್ಲ. ತಾವು ಸೇರಿಸಿದ ಪ್ರತಿಯೊಬ್ಬ ವಿದ್ಯಾರ್ಥಿಯ ಮೇಲೆ ಆ ವಿಶ್ವವಿದ್ಯಾಲಯದಿಂದ ಕಮಿಷನ್ ಪಡೆಯುವುದು ಅವರ ವ್ಯವಹಾರ. ಅವರ ಬಾಯಲ್ಲಿ ಎಲ್ಲ ವಿಶ್ವವಿದ್ಯಾಲಯಗಳೂ ಉತ್ತಮವೇ. ಅಲ್ಲಿಗೆ ಹೋಗುವವಳೂ ಕೇಳತಕ್ಕ ಪ್ರಶ್ನೆಗಳು ನಾನು ಆಗ ಹೇಳಿದವೇ: ಯಾವ ವಿಭಾಗ, ಯಾವ ಅಧ್ಯಾಪಕ, ಯಾವ ನೆಲದ ಮೇಲೆ ಕೆಲಸ?

ವಿದ್ಯಾರ್ಥಿನಿ: ಆದರೆ ನಮ್ಮ ನೆಲದಲ್ಲಿ ಅಗೆಯಲು ಏನಿದೆ? ನಮ್ಮಲ್ಲಿ ದೊರೆಯ ಅಸ್ಥಿಗಳಿಲ್ಲ.

ಅಧ್ಯಾಪಕ: ಇಲ್ಲವೇ? ಖಾನಾಪುರ ತಾಲೂಕಿನಲ್ಲಿಯೇ ಹುಟ್ಟಿ ಬೆಳೆದವಳು ಹೀಗೆ ಕೇಳಿದುದಕ್ಕೆ ನಾನು ನಿನ್ನನ್ನು ದೂರುವುದಿಲ್ಲ. ನಮ್ಮ ಪಠ್ಯಕ್ರಮಗಳನ್ನು ದೂರುತ್ತೇನೆ. ಹಲಸಿಯು ಪ್ರಾಚೀನ ಕದಂಬರಿಗೆ ಪಲಾಶಿಕೆಯಾಗಿತ್ತು. ಅಲ್ಲಿ ದೊರೆತ ತಾಮ್ರಪಟಗಳನ್ನು ಓದಿ ಪ್ರಕಟಿಸಿದವನು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ಜನರ ಬಾಯಲ್ಲಿದ್ದ ಕನ್ನಡದ ಲಾವಣಿಗಳನ್ನು, ಸಂಗೊಳ್ಳಿ ರಾಯಣ್ಣನದನ್ನೂ ಸೇರಿಸಿ, ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಅವನೇ. ರಾಯಣ್ಣನನ್ನು ಅವನ ಸರಕಾರವೇ 1831ರಲ್ಲಿ ನಮ್ಮ ನಂದಗಡದಲ್ಲಿ ಗಲ್ಲಿಗೇರಿಸಿತ್ತೆಂಬುದನ್ನು ನೆನೆದರೆ ಇದರಲ್ಲಿರುವ ವಿಡಂಬನೆ ತಿಳಿದೀತು. ತಳೇವಾಡಿಯ ಬಳಿಯ ಬಾರಾಪೇಡೆಯ ಗುಹೆಗಳನ್ನು ನೀನು ಕೇಳಿರಬೇಕು. ಅಲ್ಲಿಯ ಬಾವಲಿಯೊಂದನ್ನು 1913ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನ ಓಲ್ಡ್‌ಫೀಲ್ಡ್ ಥಾಮಸ್ ವರ್ಣಿಸಿ, ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರನ್ನು ಅದಕ್ಕೆ ಇಟ್ಟನು. ಎಷ್ಟೋ ದಶಕಗಳವರೆಗೆ ಆ ಜಾತಿಯ ಬಾವಲಿ ಈ ಭೂಮಂಡಲದಲ್ಲಿ ಆ ಒಂದು ಗುಹೆಯಲ್ಲದೆ ಬೇರೆಲ್ಲಿಯೂ ಇರುವುದು ತಿಳಿದಿರಲಿಲ್ಲ. 2011ರಲ್ಲಿ ಭೀಮಗಡವು ವನ್ಯಧಾಮವಾಗಲು ಆ ಗುಹೆಗಳೂ ಒಂದು ಕಾರಣ. ಹೀಗೆ ಆಂಗ್ಲರು ಸಮುದ್ರವನ್ನು ದಾಟಿ ಖಾನಾಪುರಕ್ಕೆ ಬಂದು ವಿದ್ವಾಂಸರಾದರು. ನಾವು ಖಾನಾಪುರವನ್ನು ನೋಡದೆಯೇ ವಿದ್ವಾಂಸರಾಗಲು ಸಮುದ್ರವನ್ನು ದಾಟಬೇಕೆನ್ನುತ್ತೇವೆ.

ವಿದ್ಯಾರ್ಥಿನಿ: ಇತಿಹಾಸದವರು ಎಲ್ಲಿಗೆ ಹೋದರೂ ಫ್ಲೀಟನನ್ನು ಕರೆತರುತ್ತೀರಿ. ನನ್ನದು ಭೂಗೋಳ.

ಅಧ್ಯಾಪಕ: ಭೂಗೋಳದವಳಿಗೆ ಇನ್ನೂ ಸುಲಭ. ನಿನ್ನ ಮನೆಯ ಸುತ್ತಲಿನ ಮಣ್ಣಿನಲ್ಲಿಯೇ ನೀರು ಎರಡು ಕಡೆಗೆ ಹರಿಯುತ್ತದೆ. ಮಾವುಲಿ ದೇವಿಯ ಗುಡಿಯ ಬಳಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹೋಗಿ ಕೃಷ್ಣೆಯನ್ನು ಕೂಡಿ ಬಂಗಾಲದ ಕೊಲ್ಲಿಗೆ ಸೇರುತ್ತಾಳೆ. ಅಲ್ಲಿಂದ ಕೂಗಳತೆಯಲ್ಲಿರುವ ಕಳಸಾ ನಾಲೆ ಪಶ್ಚಿಮಕ್ಕಿಳಿದು ಮಹದಾಯಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈ ಒಂದು ದಿಬ್ಬಕ್ಕಾಗಿ ಕರ್ನಾಟಕ ಗೋವೆಗಳು ದಶಕಗಳ ಕಾಲ ವ್ಯಾಜ್ಯವಾಡಿದವು. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರು ಎಂದು ತೀರ್ಪಿತ್ತಿತು, ತಕರಾರು ಇನ್ನೂ ಮುಗಿದಿಲ್ಲ. ನರಗುಂದ ನವಲಗುಂದದ ರೈತ ಒಂದು ಮಾತನ್ನಾಡುತ್ತಾನೆ, ಪಣಜಿಯ ಪರಿಸರವಾದಿ ಇನ್ನೊಂದನ್ನು. ಕಣಕುಂಬಿಯ ಬಾವಿಗಳಲ್ಲಿ, ಕಳಸೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಾಲುವೆಯನ್ನು ಅಗೆಯುವ ಮೊದಲು, ಚೈತ್ರದಲ್ಲಿ ನೀರು ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು ವರ್ಷದಿಂದ ವರ್ಷಕ್ಕೆ ಅಳೆದು ಬರೆಯುವ ಕೆಲಸಕ್ಕೆ ಈ ಊರಿನ ಹುಡುಗಿಗಿಂತ ಹೆಚ್ಚು ಅರ್ಹರು ಯಾರು? ಅದನ್ನು ಮಾಡಲು ನಿನಗೆ ಬೇಕಾದುದು ಹತ್ತಿರದಲ್ಲಿರುವ ಒಂದು ವಿಶ್ವವಿದ್ಯಾಲಯ, ನಿನ್ನ ಜೊತೆ ಈ ಗುಡ್ಡವನ್ನು ಹತ್ತಲು ಒಪ್ಪುವ ಒಬ್ಬ ಮಾರ್ಗದರ್ಶಕ. ಭೂತರಾಮನಹಟ್ಟಿಯಲ್ಲಿ ಅಂಥವರು ಸಿಕ್ಕರೆ ಧಾರವಾಡದ ಹೆಸರನ್ನು ಮರೆತುಬಿಡು. ಸಿಗದಿದ್ದರೆ ಅಪ್ಪನ ಮಾತಿಗೆ ಕಟ್ಟುಬಿದ್ದು ಅಲ್ಲಿ ಸೇರಬೇಡ.

ವಿದ್ಯಾರ್ಥಿನಿ: ಒಂದು ಅಳುಕು ಇದೆ, ಗುರುಗಳೇ. ನಾನು ಏಳನೆಯ ಇಯತ್ತೆಯವರೆಗೆ ಓದಿದುದು ಮರಾಠಿ ಶಾಲೆಯಲ್ಲಿ. ಮನೆಯ ಮಾತೂ ಮರಾಠಿ. ನಿಮ್ಮ ಮನೆಗೆ ಬಂದು ಪುಸ್ತಕ ಓದಿ ಓದಿ ಕನ್ನಡ ನಾಲಗೆಗೆ ಹತ್ತಿತು. ಆದರೆ ಎಂ.ಎ. ತರಗತಿಯಲ್ಲಿ ಪಾಠ ಒಂದು ಭಾಷೆಯಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ನನ್ನ ಯೋಚನೆ ಮೂರನೆಯದರಲ್ಲಿ ಎಂದಾದರೆ?

ಅಧ್ಯಾಪಕ: ಆ ಅಳುಕು ನಿನ್ನೊಬ್ಬಳದಲ್ಲ, ಗಡಿಯ ತಾಲೂಕುಗಳಿಂದ ಹೋದವರೆಲ್ಲರದೂ. ಆ ವಿಶ್ವವಿದ್ಯಾಲಯದಲ್ಲಿ ಕನ್ನಡದ ವಿಭಾಗವೂ ಇದೆ, ಮರಾಠಿಯ ವಿಭಾಗವೂ ಇದೆ. ಬೀದಿಯಲ್ಲಿ ಎಷ್ಟೇ ಗದ್ದಲವಾಗಲಿ, ಒಳಗೆ ಎರಡರ ಪುಸ್ತಕಗಳೂ ಇವೆ. ನಿನ್ನ ಮೂರು ಭಾಷೆಗಳು ನಿನಗೆ ಹೊರೆಯಾಗುವುದು ಮೊದಲ ಸೆಮಿಸ್ಟರಿನಲ್ಲಿ. ಆಮೇಲೆ, ಬೆಳಗಾವಿಯ ಗ್ಯಾಝೆಟಿಯರನ್ನು ಇಂಗ್ಲಿಷಿನಲ್ಲಿ, ಹಳೆಯ ಊರಲೆಕ್ಕದ ಕಾಗದಗಳನ್ನು ಮರಾಠಿ ಮೋಡಿಯಲ್ಲಿ, ಶಾಸನಗಳನ್ನು ಕನ್ನಡದಲ್ಲಿ ಓದಬಲ್ಲವರು ಈ ಸೀಮೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಹುಡುಕಿನೋಡು. ಬೆಂಗಳೂರಿನಿಂದ ಬಂದ ಸಂಶೋಧಕನಿಗೆ ನಿಮ್ಮ ಅಜ್ಜಿಯೊಡನೆ ಮಾತನಾಡಲು ದುಭಾಷಿ ಬೇಕು, ನಿನಗೆ ಬೇಡ. ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆಯಬಹುದೆಂಬುದನ್ನು ಮಾತ್ರ ವಿಭಾಗದಲ್ಲಿಯೇ ಕೇಳಿ ಖಾತ್ರಿ ಮಾಡಿಕೋ, ಗೆಳತಿಯರ ಮಾತಿನ ಮೇಲೆ ನಂಬಿ ಕೂಡಬೇಡ.

ಮೀಸಲಾತಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ. ಉತ್ತರ ಕರ್ನಾಟಕದವರಿಗೆಲ್ಲ ಸಂವಿಧಾನದ 371 ಜೆ ವಿಧಿ ಅನ್ವಯವೆಂದು ಹೇಳಿಕೊಂಡು ತಿರುಗುವವರಿದ್ದಾರೆ. ಅದು ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ ಮೊದಲಾದ ಜಿಲ್ಲೆಗಳ ಕಲ್ಯಾಣ ಕರ್ನಾಟಕದ್ದು, ಬೆಳಗಾವಿಗೆ ಇಲ್ಲ. ನಿನಗೆ ದೊರಕಬಹುದಾದುದು ಜಾತಿ-ಆದಾಯದ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ ಇವುಗಳ ಆಧಾರದ ಮೇಲಿನದು. ಅವನ್ನು ಖಾನಾಪುರದ ಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊ. ಕೊನೆಯ ದಿನ ಸರ್ವರ್ ಇಲ್ಲವೆಂದು ಹೇಳುವುದು ಎಲ್ಲ ಕಚೇರಿಗಳ ಪದ್ಧತಿ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ಒಂದೇ ಜಾಲತಾಣದಲ್ಲಿ. ಹಾಸ್ಟೆಲ್ಲಿಗೆ ವಿಶ್ವವಿದ್ಯಾಲಯದ್ದು ಸಿಗದಿದ್ದರೆ ಊರಿನಲ್ಲಿ ಸಮಾಜ ಕಲ್ಯಾಣದ, ಬಿ.ಸಿ.ಎಂ.ದ ಹಾಸ್ಟೆಲ್ಲುಗಳಿವೆ.

ವಿದ್ಯಾರ್ಥಿನಿ: ಇನ್ನೊಂದು ಹೆದರಿಕೆ. ಈಚೆಗೆ ಬಾಗಲಕೋಟೆ ಜಿಲ್ಲೆಯ ಕಾಲೇಜುಗಳೆಲ್ಲ ರಾಣಿ ಚನ್ನಮ್ಮನಿಂದ ಬೇರ್ಪಟ್ಟು ಜಮಖಂಡಿಯ ಹೊಸ ವಿಶ್ವವಿದ್ಯಾಲಯಕ್ಕೆ ಹೋದವು. ಆ ಹೊಸ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂದೂ ಪತ್ರಿಕೆಯಲ್ಲಿ ಬಂದಿತ್ತು. ನಾನು ಓದುತ್ತಿರುವಾಗಲೇ ಹೀಗೆ ಒಡೆದರೆ, ಕೂಡಿಸಿದರೆ, ನನ್ನ ಪದವಿ ಏನಾದೀತು?

ಅಧ್ಯಾಪಕ: ಪದವಿಗೆ ಏನೂ ಆಗುವುದಿಲ್ಲ. ಸೇರಿದ ವಿದ್ಯಾರ್ಥಿಗಳನ್ನು ಯಾವುದಾದರೊಂದು ವಿಶ್ವವಿದ್ಯಾಲಯ ಕಡೆಮುಟ್ಟಿಸಲೇಬೇಕು. ಧಾರವಾಡದಿಂದ ಬೆಳಗಾವಿ ಬೇರ್ಪಟ್ಟಾಗಲೂ ಹಾಗೆಯೇ ನಡೆಯಿತು. ಕೆಡುವುದು ಸಮಯ, ಅಂಕಪಟ್ಟಿಯ ದಾರಿ. ಇದಕ್ಕಿಂತ ಪದವಿ ತರಗತಿಯವರಿಗೆ ಬಿದ್ದ ಪೆಟ್ಟು ದೊಡ್ಡದು. 2021ರಲ್ಲಿ ನಾಲ್ಕು ವರ್ಷದ ಪದವಿಯೆಂದು ಆರಂಭಿಸಿ, 2024ರಲ್ಲಿ ಮತ್ತೆ ಮೂರು ವರ್ಷವೆಂದು ಸರಕಾರ ಆಜ್ಞೆ ಹೊರಡಿಸಿತು. ನಡುವಿನ ತಂಡಗಳು ಒಂದೊಂದು ವರ್ಷ ಒಂದೊಂದು ಪಠ್ಯಕ್ರಮವನ್ನು ಓದಿದವು. ಇಂಥದನ್ನು ವಿದ್ಯಾರ್ಥಿ ತಡೆಯಲಾರ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿಯನ್ನೂ, ಶುಲ್ಕದ ಪಾವತಿಯನ್ನೂ, ತಾನು ಓದಿದ ವರ್ಷದ ಪಠ್ಯಕ್ರಮದ ಪ್ರತಿಯನ್ನೂ ಕಾದಿಟ್ಟುಕೊಳ್ಳುವುದಷ್ಟೇ ಅವನಿಂದ ಸಾಧ್ಯ. ಹತ್ತು ವರ್ಷದ ಮೇಲೆ ಯಾವುದೋ ಕಚೇರಿಯಲ್ಲಿ, ನೀನು ಓದಿದ ಪತ್ರಿಕೆಯ ಹೆಸರೇ ನಮ್ಮಲ್ಲಿಲ್ಲ ಎಂದರೆ ಆ ಪ್ರತಿಯೇ ನಿನ್ನ ಸಾಕ್ಷಿ.

ವಿದ್ಯಾರ್ಥಿನಿ: ಹಾಗಾದರೆ ಸೋಮವಾರ ಹೋಗುತ್ತೇನೆ. ಅಪ್ಪ ಜೊತೆಗೆ ಬರುತ್ತೇನೆ ಎಂದಿದ್ದಾರೆ. ನೀವೂ ಬಂದರೆ ವಿಭಾಗದವರು ಮರ್ಯಾದೆಯಿಂದ ಮಾತನಾಡುತ್ತಾರೆ.

ಅಧ್ಯಾಪಕ: ನಾನು ಬಂದರೆ ಅವರು ನನ್ನೊಡನೆ ಮಾತನಾಡುತ್ತಾರೆ, ಚಹಾ ತರಿಸುತ್ತಾರೆ, ನಿನ್ನ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಅಪ್ಪ ಬರಲಿ, ಹೊರಗೆ ಕೂಡಲಿ. ಒಳಗೆ ನೀನೇ ಹೋಗು. ಮುಖ್ಯಸ್ಥರನ್ನು ಕಂಡ ಮೇಲೆ, ಹಿಂದಿನ ವರ್ಷದ ಹುಡುಗಿಯರು ಎಲ್ಲಿ ಊಟಕ್ಕೆ ಕೂಡುತ್ತಾರೋ ಅಲ್ಲಿ ಹೋಗಿ ಕೂಡು. ಹಾಸ್ಟೆಲ್ಲಿನಲ್ಲಿ ನೀರು ಯಾವಾಗ ಬರುತ್ತದೆ, ಸಂಜೆ ಗೇಟಿನ ಹೊರಗೆ ಬಸ್ಸು ನಿಲ್ಲಿಸುತ್ತಾನೋ ಇಲ್ಲವೋ, ಫಲಿತಾಂಶ ಎಷ್ಟು ತಿಂಗಳಿಗೆ ಬರುತ್ತದೆ, ಯಾವ ಅಧ್ಯಾಪಕರು ನಿಜವಾಗಿ ತರಗತಿಗೆ ಬರುತ್ತಾರೆ, ಇವನ್ನು ಅವರಷ್ಟು ಸ್ಪಷ್ಟವಾಗಿ ಯಾವ ಪುಸ್ತಿಕೆಯೂ ಹೇಳುವುದಿಲ್ಲ.

ವಿದ್ಯಾರ್ಥಿನಿ: ಅವರು ಹೇಳಿದುದು ನೀವು ಹೇಳಿದುದಕ್ಕೆ ವಿರುದ್ಧವಾಗಿದ್ದರೆ?

ಅಧ್ಯಾಪಕ: ಅವರ ಮಾತನ್ನೇ ನಂಬು. ನಾನು ಆ ಆವರಣಕ್ಕೆ ಕಾಲಿಟ್ಟು ಬಹಳ ವರ್ಷವಾಯಿತು. ಅವರು ಅಲ್ಲಿ ಇಂದು ಮಧ್ಯಾಹ್ನ ಊಟ ಮಾಡಿದವರು. ಆಮೇಲೆ ಅದೇ ವಾರ ಧಾರವಾಡಕ್ಕೂ ಹೋಗಿ ಇವೇ ಪ್ರಶ್ನೆಗಳನ್ನು ಕೇಳಿ ಬಾ. ಮಾಮಾನ ಮಗನಿಗೂ ಹೇಳು: ಆ ಇಂಗ್ಲೆಂಡಿನ ಊರಿನಲ್ಲಿ ಈಗ ಓದುತ್ತಿರುವ ನಮ್ಮ ಕಡೆಯ ಯಾರಾದರೊಬ್ಬರ ದೂರವಾಣಿಯನ್ನು ಏಜಂಟರಿಂದ ತರಿಸಲಿ. ಅವರು ಕೊಡಲು ಹಿಂಜರಿದರೆ ಆ ಪುಸ್ತಿಕೆಯನ್ನು ಇನ್ನು ಓದಬೇಕಾಗಿಲ್ಲ.